ಮತ್ತು ಸಂಗಡಿಗರು

ಹೋದ ತಿಂಗಳು ನಮ್ಮ ಬಳಗದಲ್ಲಿ ಒಂದು ಮದುವೆ ಇತ್ತು. ಇಲ್ಲೇ ಕಲಬುರಗಿಯ ಸೇಡಂ ರಸ್ತೆಯ ಒಂದು ಫಂಕ್ಷನ್ ಹಾಲಿನಲ್ಲಿ. ಊಟಕ್ಕೆ ಕೂತಾಗ ಮಾತು ಹೇಗೋ ಹಾಡಿನ ಕಡೆ ಹೊರಳಿ, ಅಲ್ಲಿಂದ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಹತ್ತಿರ ಬಂತು. ನನ್ನ ಎದುರು ಕೂತಿದ್ದ ಹಿರಿಯರು ಸಂಗೀತ ಚೆನ್ನಾಗಿ ಬಲ್ಲವರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅವರಂದರು: "ಅವರ ಮಗಳು ಕೃಷ್ಣಾ ಪಾಪ. ಎಷ್ಟು ಛಲೋ ಹಾಡ್ತಿದ್ರು. ಕಡಿತನಕ ಅವ್ವನ ನೆರಳಾಗೇ ಉಳಿದ್ರು ನೋಡ್ರಿ." ಪಂಕ್ತಿಯಲ್ಲಿ ಇದ್ದವರೆಲ್ಲ ಹೌದು ಹೌದು ಅಂದರು. ದೊಡ್ಡ ಮರದ ಕೆಳಗೆ ಸಣ್ಣ ಗಿಡ ಏಳಲ್ಲ ಅನ್ನುವ ಮಾತೂ ಬಂತು. ನಾನು ಸುಮ್ನೆ ಊಟ ಮುಗಿಸಿ ಎದ್ದೆ. ಆದರೆ ಆ 'ಪಾಪ' ಅನ್ನುವ ಒಂದು ಶಬ್ದ ನನ್ನ ಜೊತೆ ಆಟೋ ಹತ್ತಿ ಮನೆಗೆ ಬಂತು. ಇನ್ನೂ ಹೋಗಿಲ್ಲ.

ಯಾಕಂದ್ರೆ ನಾನೂ ಹಾಡುವ ತಾಯಿಯ ಒಬ್ಬಳೇ ಮಗಳು. ಗಂಗೂಬಾಯಿ ಅವರ ಹೆಸರಿನ ಪಕ್ಕದಲ್ಲಿ ಅವ್ವನ ಹೆಸರು ಇಡುತ್ತಿಲ್ಲ, ಅಂಥ ಮಾತು ಅವ್ವನೇ ಒಪ್ಪಲ್ಲ. ಅವ್ವ ತತ್ವಪದ ಹಾಡುವವಳು. ತತ್ವಪದ ಕಟ್ಟಿ ಹಾಡಿದ ಕಡಕೋಳ ಮಡಿವಾಳಪ್ಪನವರು ಇದ್ದ ಜಿಲ್ಲೆ ನಮ್ಮದು, ಇಲ್ಲಿ ಅಮಾವಾಸ್ಯೆ ಬಂದರೆ ಯಾವುದೋ ಒಂದು ಮಠದಲ್ಲಿ ರಾತ್ರಿಯಿಡೀ ಭಜನಿ ಇದ್ದೇ ಇರುತ್ತದೆ. ಜೇವರ್ಗಿ ಕಡೆ, ಅಫಜಲಪುರ ಕಡೆ, ಇತ್ತ ಚಿತ್ತಾಪುರದ ತನಕ 'ಭಜನಿ ಅಕ್ಕ' ಅಂದರೆ ಸಾಕು, ಅವ್ವ ಅಂತ ಜನಕ್ಕೆ ಗೊತ್ತು. ಈಗಲೂ ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಯ ಆರಿಸುವಾಗ ಯಾರೋ ಹೆಂಗಸು ನನ್ನ ಮುಖ ನೋಡಿ, ಇನ್ನೊಮ್ಮೆ ನೋಡಿ, "ನೀವು ಭಜನಿ ಅಕ್ಕನ ಮಗಳಲ್ಲೇನ್ರಿ?" ಅಂತ ಕೇಳುತ್ತಾರೆ. ಹೌದು ಅಂದ ಕೂಡಲೇ ಅವರ ಮುಖ ಅರಳುತ್ತದೆ. ಆಮೇಲೆ ಐದು ನಿಮಿಷ ಅವ್ವನ ಮಾತು. ನನ್ನ ಹೆಸರು ಅವರು ಕೇಳಲ್ಲ. ಕೇಳಲಿ ಅಂತ ನನಗೂ ಈಗ ಅನಿಸಲ್ಲ. ಮೊದಲು ಅನಿಸುತ್ತಿತ್ತು.

ಹಿಂದಿನ ದನಿ

ಮದುವೆಯಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಗಂಗೂಬಾಯಿ ಅವರ ಒಂದು ಹಳೆಯ ಮುದ್ರಣ ಹಚ್ಚಿ ಇಯರ್‌ಫೋನ್ ಹಾಕಿಕೊಂಡೆ. ನಿಧಾನ ಲಯದ ಖಯಾಲ್. ಇದುವರೆಗೆ ಎಷ್ಟೋ ಸಲ ಕೇಳಿದ್ದೇನೆ, ಆದರೆ ಪ್ರತಿ ಸಲ ಕೇಳಿದ್ದು ಆ ಮುಂದಿನ ದನಿಯನ್ನೇ. ಆ ಗಟ್ಟಿ, ಭಾರವಾದ, ಗಂಡುದನಿ ಅನ್ನುವಷ್ಟು ತಗ್ಗಿನ ಕಂಠ. ಗಂಟಲಿನ ಒಂದು ಚಿಕಿತ್ಸೆ ಆದಮೇಲೆ ಬಂದದ್ದು ಅದು, ಎಳೆ ವಯಸ್ಸಿನ ಮುದ್ರಣಗಳಲ್ಲಿ ದನಿ ಸಣ್ಣದಾಗೇ ಇದೆ. ಈ ರಾತ್ರಿ ಮಾತ್ರ ಬೇಕಂತಲೇ ಹಿಂದಿನ ದನಿ ಹುಡುಕಿದೆ.

ಗಂಗೂಬಾಯಿ ಅವರದು ಕಿರಾಣಾ ಘರಾಣೆ, ಆ ಗಾಯನ ಪರಂಪರೆಯಲ್ಲಿ ಅವಸರ ಇಲ್ಲ ಅಲ್ವಾ. ಒಂದೊಂದು ಸ್ವರದ ಹತ್ತಿರ ಹೋಗಿ ಕೂತು, ಅದರ ಕ್ಷೇಮ ಸಮಾಚಾರ ಕೇಳಿ, ಆಮೇಲೆ ಮುಂದಿನದು. ಅಷ್ಟು ಹೊತ್ತು ಒಂದೇ ಸ್ವರ ಹಿಡಿದರೆ ಉಸಿರು ತೀರಲೇಬೇಕು. ತೀರುವುದಕ್ಕೆ ಇನ್ನೇನು ಒಂದು ಗಳಿಗೆ ಇದೆ ಅನ್ನುವಾಗ ಹಿಂದಿನಿಂದ ಇನ್ನೊಂದು ದನಿ ಬರುತ್ತದೆ. ಅದೇ ಸ್ವರ. ಸ್ವಲ್ಪ ತೆಳು. ತಾಯಿ ಎಲ್ಲಿ ಬಿಟ್ಟರು, ಮಗಳು ಎಲ್ಲಿ ಹಿಡಿದರು ಅನ್ನುವ ಗೆರೆ ಕಿವಿಗೆ ಸಿಗುವುದೇ ಇಲ್ಲ. ತಾಯಿ ಉಸಿರು ತುಂಬಿಕೊಂಡು ವಾಪಸ್ ಬಂದ ಕೂಡಲೇ ಮಗಳು ಜಾಗ ಬಿಟ್ಟು ಹಿಂದೆ ಸರಿಯುತ್ತಾರೆ. ತಾಳದ ಒಂದು ಸುತ್ತಿನಲ್ಲಿ ಹೀಗೆ ಎಷ್ಟೋ ಸಲ. ಮುಂದಿನವರು ಏನು ಹಾಡುತ್ತಾರೆ ಅಂತ ತಿಳಿದರೆ ಸಾಲದು, ಅವರಿಗೆ ಎಲ್ಲಿ ಸಾಕಾಗುತ್ತದೆ ಅನ್ನುವುದೂ ತಿಳಿದಿರಬೇಕು. ನನಗೆ ಆ ಕೆಲಸ ಗೊತ್ತು. ಅದಕ್ಕೇ ಆ ರಾತ್ರಿ ಕತ್ತಲಲ್ಲಿ ಎದ್ದು ಕೂತೆ.

ಕಟ್ಟಿಸಂಗಾವಿ ಸೇತುವೆ

ನನಗಾಗ 14 ವರ್ಷ. ಜೇವರ್ಗಿ ಕಡೆಯ ಒಂದು ಹಳ್ಳಿಯ ಮಠ. ತೊಗರಿ ಹೂ ಬಿಟ್ಟ ಕಾಲ, ಹೊಲದ ಮೇಲಿಂದ ಥಂಡಿ ಗಾಳಿ ಬರುತ್ತಿತ್ತು. ಅವ್ವನಿಗೆ ಎರಡು ದಿನದಿಂದ ನೆಗಡಿ. ದಾರಿಯುದ್ದಕ್ಕೂ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಲವಂಗ ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ರಾತ್ರಿ ರೊಟ್ಟಿ, ಪುಂಡಿಪಲ್ಯದ ಪ್ರಸಾದ ಮುಗಿಸಿ ಭಜನಿಗೆ ಕೂತೆವು. ಅವ್ವನ ಕೈಯಲ್ಲಿ ಏಕತಾರಿ. ಎಡಕ್ಕೆ ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರರು, ಅವರ ಹಿಂದೆ ತಬಲಾ. ನಾನು ಅವ್ವನ ಬೆನ್ನಿಗೆ ಹತ್ತಿ ಕೂತು ತಾಳ ಹಿಡಿದಿದ್ದೆ. ನಮ್ಮ ಓಣಿಯ ಇಬ್ಬರು ಹೆಣ್ಣುಮಕ್ಕಳೂ ಹಿಮ್ಮೇಳಕ್ಕೆ ಇದ್ದರು, ನಡುರಾತ್ರಿ ದಾಟುವಷ್ಟರಲ್ಲಿ ಅವರು ತೂಕಡಿಸುತ್ತಿದ್ದರು.

ಮೂರು ಗಂಟೆ ಆಗಿರಬೇಕು. ಒಂದು ಪದದ ಏರು ಸಾಲಿಗೆ ಬಂದಾಗ ಅವ್ವನ ದನಿ ಬರಲಿಲ್ಲ. ಬಾಯಿ ತೆರೆದಿದೆ, ಕತ್ತಿನ ನರ ಎದ್ದಿದೆ, ದನಿ ಇಲ್ಲ. ಹಿಂದಿನಿಂದ ನನಗೆ ಕಂಡದ್ದು ಅವ್ವನ ಕಿವಿ, ಬೆಂಡೋಲೆ, ಮತ್ತು ಆ ನರ. ನಾನು ಹಾಡಬೇಕು ಅಂತ ಏನೂ ಯೋಚಿಸಲಿಲ್ಲ. ಬಾಯಿ ತಾನೇ ಸಾಲು ಎತ್ತಿಕೊಂಡಿತು. ಪೇಟಿ ಮಾಸ್ತರರು ಒಂದೇ ಒಂದು ಸಲ ತಿರುಗಿ ನೋಡಿ ಮತ್ತೆ ಬಾರಿಸತೊಡಗಿದರು. ಎರಡು ಸಾಲು, ಮೂರು ಸಾಲು ನಾನೊಬ್ಬಳೇ. ಅಷ್ಟರಲ್ಲಿ ಅವ್ವನ ಎಡಗೈ ಹಿಂದಕ್ಕೆ ಬಂದು ನನ್ನ ಮೊಣಕಾಲಿನ ಮೇಲೆ ಕೂತಿತು. ಅಲ್ಲಿಂದ ತಾಳ ತಟ್ಟುತ್ತಾ ಇತ್ತು. ಬಳೆ ಚುಚ್ಚುತ್ತಿದ್ದದ್ದು ಈಗಲೂ ನೆನಪಿದೆ. ಪಲ್ಲವಿಗೆ ವಾಪಸ್ ಬಂದಾಗ ಅವ್ವ ತಗ್ಗಿನಲ್ಲಿ ಸೇರಿಕೊಂಡಳು. ನಾನು ಹಿಂದೆ ಸರಿದೆ. ಕೂತವರಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗಲಿಲ್ಲ ಅನ್ನುವುದೇ ನನ್ನ ಸಿಟ್ಟಿನ ಮೂಲ. ನಸುಕಿನಲ್ಲಿ ಮಂಗಳಾರತಿ ಆದಮೇಲೆ ಜನ ಬಂದು ಅವ್ವನ ಕಾಲು ಮುಟ್ಟಿದರು. ಒಬ್ಬ ಮುದುಕ ಕಣ್ಣೊರೆಸಿಕೊಂಡು ಹೇಳಿದ: "ಅಕ್ಕಾ, ಅದೊಂದು ಕಡಿ ದನಿ ಹ್ಯಾಂಗ ಏರಿಸಿದ್ರಿ! ಎಳೀ ಹುಡುಗಿ ಹಾಡಿದಂಗ ಇತ್ತು." ಅದು ಎಳೆಯ ಹುಡುಗಿಯೇ ಹಾಡಿದ್ದು ಅಂತ ಅವ್ವ ಹೇಳುತ್ತಾಳೆ ಅಂದುಕೊಂಡೆ. ಅವ್ವ ಕೈ ಮುಗಿದು "ಶರಣ್ರೀ ಯಪ್ಪಾ" ಅಂದಳು, ಅಷ್ಟೇ.

ಬಸ್ಸಿನಲ್ಲಿ ನಾನು ಮಾತು ಬಿಟ್ಟೆ. ಜೇವರ್ಗಿ ದಾಟಿತು. ಕಟ್ಟಿಸಂಗಾವಿ ಸೇತುವೆ ಬಂತು, ಕೆಳಗೆ ಭೀಮೆಯ ಮೇಲೆ ಇನ್ನೂ ಮಂಜು. ಸೇತುವೆಯ ನಡುವೆ ತಡೆಯಲಾಗಲಿಲ್ಲ. "ಅದು ನಾನಲ್ಲೇನವ್ವಾ ಹಾಡಿದ್ದು? ಯಾಕ ಹೇಳಲಿಲ್ಲ ನೀ?" ಅವ್ವ ಕಿಟಕಿಯಿಂದ ನದಿ ನೋಡುತ್ತಿದ್ದಳು. ಒಡೆದ ದನಿಯಲ್ಲಿ ಅಂದಳು: "ನೀ ಹಿಂದ ಅದೀ ಅಂತ ಗೊತ್ತಿತ್ತು. ಅದಕ್ಕ ಬಿಟ್ಟೆ."

ಬಿಟ್ಟೆ. ದನಿ ಹೋಯಿತು ಅನ್ನಲಿಲ್ಲ, ಬಿಟ್ಟೆ ಅಂದಳು. ಆವತ್ತು ನನಗೆ ಅದು ತಪ್ಪಿಸಿಕೊಳ್ಳುವ ಮಾತು ಅನಿಸಿತು. ಎಷ್ಟೋ ವರ್ಷ ಆ ಒಂದು ಕ್ರಿಯಾಪದ ಅಗಿದಿದ್ದೇನೆ. ನೆಗಡಿ ಹತ್ತಿದ ಗಂಟಲನ್ನು ಒತ್ತಾಯ ಮಾಡಿ ಏರಿಸಿದರೆ ಅದು ತಿಂಗಳುಗಟ್ಟಲೆ ಕೈ ಕೊಡುತ್ತದೆ. ಹಿಂದೆ ಹಿಡಿಯುವವರು ಇದ್ದಾರೆ ಅಂತ ನಂಬಿಕೆ ಇದ್ದವರು ಮಾತ್ರ ಏರು ಸಾಲಿನಲ್ಲಿ, ಅಷ್ಟು ಜನರ ಮುಂದೆ, ಬಾಯಿ ತೆರೆದಿಟ್ಟು ದನಿ ಬಿಡುತ್ತಾರೆ. 14 ವರ್ಷದವಳ ಮೇಲೆ ಅವ್ವ ಅಷ್ಟು ಭಾರ ಹಾಕಿದ್ದಳು. ಇದು ತಿಳಿದಿದೆ. ತಿಳಿದಮೇಲೂ, ಆ ಮುದುಕನಿಗೆ ಒಂದು ಮಾತು ಹೇಳಬೇಕಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಹೆಸರು

ಅದಾಗಿ ಐದಾರು ವರ್ಷಕ್ಕೆ ಅವ್ವನ ಕ್ಯಾಸೆಟ್ ಬಂತು. ಹೊರಗಿನ ಊರಿನ ಒಂದು ಸಣ್ಣ ಕಂಪನಿ. ಕಿಟಕಿಗೆಲ್ಲ ಕಂಬಳಿ ಕಟ್ಟಿದ ಒಂದು ಕೋಣೆಯಲ್ಲಿ, ಫ್ಯಾನ್ ಸದ್ದು ಬರುತ್ತದೆ ಅಂತ ಅದನ್ನೂ ಆರಿಸಿ, ಎರಡು ದಿನ ಬೆವರು ಸುರಿಸಿ ಹಾಡಿದೆವು. ಕ್ಯಾಸೆಟ್ ಮನೆಗೆ ಬಂದ ದಿನ ಹಬ್ಬದಂಗಿತ್ತು. ಮುಚ್ಚಳದ ಮೇಲೆ ಏಕತಾರಿ ಹಿಡಿದ ಅವ್ವನ ಫೋಟೊ. ದೊಡ್ಡ ಅಕ್ಷರದಲ್ಲಿ ಅವ್ವನ ಹೆಸರು. ಅದರ ಕೆಳಗೆ ಸಣ್ಣಗೆ, 'ಮತ್ತು ಸಂಗಡಿಗರು'.

ರೇಡಿಯೊ ಕೇಳಿ ಬೆಳೆದವರಿಗೆ ಈ ಎರಡು ಶಬ್ದ ಚೆನ್ನಾಗಿ ಗೊತ್ತು. ಜಾನಪದ ಗೀತೆ ಮುಗಿದಮೇಲೆ ಹಾಡಿದವರು ಇಂಥವರು ಮತ್ತು ಸಂಗಡಿಗರು ಅನ್ನುತ್ತಾರಲ್ಲ, ಅದೇ. ಆ ಸಂಗಡಿಗರು ಯಾರು, ಅವರಿಗೆ ಮನೆ ಇದೆಯಾ, ಹೆಸರು ಇದೆಯಾ ಅಂತ ನಾನೂ ಅಲ್ಲಿತನಕ ಯೋಚಿಸಿರಲಿಲ್ಲ. ನಮ್ಮ ಅಪ್ಪ ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವರು, ಓದು ಕಡಿಮೆ. ಕ್ಯಾಸೆಟ್ಟಿನ ಕಾಗದ ಹೊರಗೆ ತೆಗೆದು, ಒಡೆದ ಉಗುರಿನ ಬೆರಳನ್ನು ಅಕ್ಷರದ ಕೆಳಗೆ ಇಟ್ಟು ಸಾಲು ಸಾಲು ಓದಿದರು. ಮತ್ತೆ ಮೊದಲಿಂದ ಓದಿದರು. ನನ್ನ ಹೆಸರು ಹುಡುಕುತ್ತಿದ್ದಾರೆ ಅಂತ ನನಗೆ ತಿಳಿಯಿತು. ಆಮೇಲೆ ಏನೂ ಮಾತಾಡದೆ ನನ್ನ ಕಂಪಾಸ್ ಡಬ್ಬಿಯಿಂದ ಬಾಲ್‌ಪೆನ್ ತೆಗೆದುಕೊಂಡು 'ಸಂಗಡಿಗರು' ಪಕ್ಕದಲ್ಲಿ ನನ್ನ ಹೆಸರು ಬರೆದರು. ಒತ್ತಿ ಒತ್ತಿ, ಕಲ್ಲಿಗೆ ಉಳಿ ಹಾಕಿದ ಹಾಗೆ. ಅಪ್ಪ ಈಗಿಲ್ಲ. ಕ್ಯಾಸೆಟ್ ಇದೆ. ಆ ಶಾಯಿ ನೇರಳೆ ಬಣ್ಣಕ್ಕೆ ತಿರುಗಿದೆ. ಟೇಪ್ ಓಡಲ್ಲ.

ಆಮೇಲೆ ಎರಡು ವರ್ಷ ನಾನು ಭಜನಿಗೆ ಹೋಗಲಿಲ್ಲ. ಡಿ.ಎಡ್. ಓದು ನೆಪ. ಅವ್ವ ಬಾ ಅನ್ನಲಿಲ್ಲ. ಬೇರೊಬ್ಬಳನ್ನು ಕರೆದುಕೊಂಡು ಹೋಗತೊಡಗಿದಳು. ನನಗಿಂತ ಒಳ್ಳೆಯ ಕಂಠ ಆಕೆಗೆ, ನಿಜ ಹೇಳುತ್ತಿದ್ದೇನೆ. ಒಂದು ಬೆಳಿಗ್ಗೆ ಅವ್ವ ರಾತ್ರಿಯ ಭಜನಿ ಮುಗಿಸಿ ಬಂದು, ಕಾಲು ತೊಳೆದು, ತಣ್ಣನೆಯ ಫರಸಿ ನೆಲದ ಮೇಲೆ ಹಾಗೇ ಮಲಗಿಬಿಟ್ಟಳು. ಚಾ ಕೊಡಲು ಹೋದಾಗ ಕಣ್ಣು ಮುಚ್ಚಿಯೇ ಅಂದಳು: "ಅಕಿ ದನಿ ಛಲೋ ಅದ. ಆದ್ರ ನಾ ಉಸಿರು ಎಲ್ಲಿ ತಗೊಳ್ತೀನಿ ಅಂತ ಅಕಿಗಿ ಗೊತ್ತಾಗಲ್ಲ." ನನ್ನನ್ನು ಹೊಗಳಿ ಅವ್ವ ಆಡಿದ ಮಾತು ಇದೊಂದೇ ಇರಬೇಕು. ಮುಂದಿನ ಅಮಾವಾಸ್ಯೆಗೆ ನಾನೇ ತಾಳ ತೆಗೆದು ಚೀಲಕ್ಕೆ ಹಾಕಿದೆ.

ಹುಬ್ಬಳ್ಳಿಯ ಮನೆ

ಈಗ ಗಂಗೂಬಾಯಿ ಅವರ ವಿಷಯಕ್ಕೆ ಬರುತ್ತೇನೆ. ಗಂಗೂಬಾಯಿ ಅವರ ಹೆಸರೂ ಮೊದಲು ಮುಚ್ಚಳದ ಮೇಲೆ ಇರಲಿಲ್ಲ. 1930ರ ದಶಕದ ಮೊದಮೊದಲ ಗ್ರಾಮೋಫೋನ್ ತಟ್ಟೆಗಳ ಮೇಲೆ ಇದ್ದದ್ದು 'ಗಾಂಧಾರಿ' ಅಂತ, ಜೊತೆಗೆ ಊರು ಹುಬ್ಬಳ್ಳಿ. ಇಷ್ಟು ದೊಡ್ಡ ಗಾಯಕಿ ತನ್ನ ದನಿಯ ಮೇಲೆ ಬೇರೆ ಹೆಸರು ನೋಡಿಕೊಂಡು ಹಾಡಿದವರು. ಅವರ ಸ್ವಂತ ಹೆಸರು ಮುಂದೆ ಪದ್ಮಭೂಷಣ ಆಯಿತು, 2002ರಲ್ಲಿ ಪದ್ಮವಿಭೂಷಣ ಆಯಿತು. ಅದೆಲ್ಲ ನಿಮಗೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ಅವರ ಪತಿ ಗುರುರಾವ್ ಕೌಲಗಿ. ಮಕ್ಕಳು ಮೂವರು, ಇಬ್ಬರು ಗಂಡು, ಒಬ್ಬಳೇ ಮಗಳು. ಆ ಮಗಳು ನಮಗೆಲ್ಲ ಕೃಷ್ಣಾ ಹಾನಗಲ್. ಹಾನಗಲ್ ಅನ್ನುವುದು ತಾಯಿಯ ಕಡೆಯಿಂದ ಬಂದ ಊರ ಹೆಸರು. ಮಗಳು ತಾಯಿಯ ಹಾಡಿನ ಜೊತೆಗೆ ತಾಯಿಯ ಊರನ್ನೂ ಹೊತ್ತರು. ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಈ ಭಾಗ್ಯ ಇದೆ, ಹೇಳಿ.

ಇನ್ನೂ ಹಿಂದೆ ಹೋದರೆ ಅಂಬಾಬಾಯಿ. ಗಂಗೂಬಾಯಿ ಅವರ ತಾಯಿ, ಕರ್ನಾಟಕ ಸಂಗೀತದಲ್ಲಿ ಪಳಗಿದವರು. ಅವರ ಹಾಡು ಕೇಳಲು ಕಿರಾಣಾ ಘರಾಣೆಯ ದೊಡ್ಡ ಉಸ್ತಾದ್ ಅಬ್ದುಲ್ ಕರೀಂ ಖಾನರೇ ಧಾರವಾಡದ ಮನೆಗೆ ಬರುತ್ತಿದ್ದರು. ಮಗಳು ಹಿಂದೂಸ್ತಾನಿ ಕಲಿಯಲಿ ಅಂತ 1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಬಂತು. ಮಗಳ ಕಿವಿಯಲ್ಲಿ ಎರಡು ಪದ್ಧತಿ ಕಲಸಿಹೋಗಬಾರದು ಅಂತ ಅಂಬಾಬಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. 1932ರಲ್ಲಿ ತೀರಿಹೋದರು. ಮಗಳಿಗೆ ಆಗ 19. ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಗುರು ಸವಾಯಿ ಗಂಧರ್ವರ ಮುಂದೆ ಕೂತು ಒಂದೊಂದು ಪಲುಕು ಕಲಿತದ್ದು, ಪಾಠ ಮುಗಿದಮೇಲೆ ಭೀಮಸೇನ ಜೋಶಿ ಸ್ಟೇಷನ್ ತನಕ ಬಿಟ್ಟುಬರುತ್ತಿದ್ದದ್ದು, ಇದೆಲ್ಲ ಆಮೇಲಿನ ಮಾತು. ಅಂಬಾಬಾಯಿ ಇದು ಯಾವುದನ್ನೂ ನೋಡಲಿಲ್ಲ.

ತಾಯಿ ಮಗಳಿಗಾಗಿ ಬಾಯಿ ಮುಚ್ಚಿದಾಗ ಅದನ್ನು ತ್ಯಾಗ ಅಂತೀವಿ, ಕೈ ಮುಗಿಯುತ್ತೀವಿ. ಮಗಳು ತಾಯಿಯ ಜೊತೆ ಬಾಯಿ ತೆರೆದು ಹಾಡಿದರೆ 'ಪಾಪ' ಅಂತೀವಿ. ಯಾಕೆ ಹೀಗೆ? ಮಕ್ಕಳು ಮುಂದೆ ಹೋಗಲೇಬೇಕು, ತಾಯಿ ಹಿಂದೆ ಉಳಿಯಲೇಬೇಕು ಅಂತ ನಾವೇ ಒಂದು ದಾರಿ ಹಾಕಿಟ್ಟಿದ್ದೇವೆ. ಅದರಲ್ಲಿ ನಡೆಯದ ಮಗಳು ನಮಗೆ ಸೋತವಳ ಹಾಗೆ ಕಾಣುತ್ತಾಳೆ.

ಇನ್ನೊಂದು ವಿಷಯ ಇದೆ, ಇದನ್ನು ಗಂಡಸರು ಜಾಸ್ತಿ ಯೋಚಿಸಿರಲಿಕ್ಕಿಲ್ಲ. ಹೆಣ್ಣುಮಗಳು ಹಾಡುವುದಕ್ಕಾಗಿ ಊರು ಬಿಟ್ಟು ಊರಿಗೆ ಹೋಗಬೇಕು, ರಾತ್ರಿ ಎಲ್ಲೋ ಉಳಿಯಬೇಕು. ನಾನು ಅವ್ವನ ಜೊತೆ ಹೋಗುತ್ತಿದ್ದದ್ದು ನನ್ನ ದನಿಗಾಗಿ ಅಂತ ಬಹಳ ದಿನ ಅಂದುಕೊಂಡಿದ್ದೆ. ಒಂದು ಕಾರಣ ಅದು. ಇನ್ನೊಂದು, ಬೆನ್ನಿಗೆ ಮಗಳು ಕೂತಿದ್ದರೆ ಜನರ ಬಾಯಿ ಮುಚ್ಚುತ್ತದೆ. ಮಗಳು ಪಕ್ಕದಲ್ಲಿದ್ದರೆ ಹಾಡುವವಳು ತಾಯಿ, ಇಲ್ಲದಿದ್ದರೆ ರಾತ್ರಿ ಹೊರಗೆ ತಿರುಗುವವಳು. ಗಂಗೂಬಾಯಿ ಎಳವೆಯಲ್ಲಿ ಧಾರವಾಡದ ಬೀದಿಯಲ್ಲಿ ಜನರ ಕುಹಕ ಕೇಳಿಕೊಂಡೇ ನಡೆದವರು. ಮುಂದೆ ದೇಶವೆಲ್ಲ ತಿರುಗಿ ಹಾಡುವಾಗ ಹಿಂದೆ ತಂಬೂರಿ ಹಿಡಿದ ಮಗಳು ಇದ್ದರು ಅನ್ನುವುದು ಬರೀ ಸಂಗೀತದ ಮಾತು ಅಂತ ನನಗೆ ಅನಿಸಲ್ಲ. 1966ರಲ್ಲಿ ವಿಶ್ವಸಂಸ್ಥೆಯಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದಾಗಲೂ ಜೊತೆಗೆ ರಾಧಾ ಇದ್ದರು. ರಾಧಾ ಹೊಟ್ಟೆಯಲ್ಲಿ ಹುಟ್ಟಿದ ಮಗಳಲ್ಲ, ಗಂಡನ ಮೊದಲ ಹೆಂಡತಿಯ ಮಗಳು. ಆದರೂ ಆ ಜೋಡಿ ದನಿ ಬಿಡಿಸಿ ಕೇಳಲು ಆಗಲ್ಲ.

ಕೃಷ್ಣಾ ಅವರಿಗೆ ಬೇಸರ ಆಗಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಗಿರಬಹುದು. ನನಗೂ ಆಗಿದೆ. ಒಮ್ಮೆ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಅವ್ವನಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಮನೆತನಕ ಆ ಬುಟ್ಟಿ ಹೊತ್ತು ತಂದವಳು ನಾನು, ಅವತ್ತು ಅದು ಹಣ್ಣಿಗಿಂತ ಭಾರ ಇತ್ತು. ಆದರೆ ಅರ್ಧ ಆಯುಷ್ಯ ಒಬ್ಬರ ಉಸಿರಿನ ಪಕ್ಕ ಕೂತವರಿಗೆ ಏನು ಸಿಕ್ಕಿತು ಅಂತ ಹೊರಗೆ ನಿಂತು ಅಳೆಯಲು ಬರಲ್ಲ. ಜನ ಅವ್ವನ ದನಿ ಕೇಳಿದ್ದಾರೆ. ದನಿ ತೀರುವ ಜಾಗ ಕಂಡವಳು ನಾನೊಬ್ಬಳು. ಅದು ಯಾವ ಮುಚ್ಚಳದ ಮೇಲೂ ಅಚ್ಚಾಗಲ್ಲ.

ಇನ್ನೊಮ್ಮೆ

ಅವ್ವನಿಗೆ ಈಗ 80ರ ಹತ್ತಿರ. ಭಜನಿಗೆ ಹೋಗುವುದು ನಿಂತಿದೆ. ಏಕತಾರಿ ಗೋಡೆಯ ಮೊಳೆಯಲ್ಲಿ ಇದೆ, ವಾರಕ್ಕೊಮ್ಮೆ ನಾನೇ ಧೂಳು ಒರೆಸುತ್ತೇನೆ. ಸಂಜೆ ದೀಪ ಹಚ್ಚಿದಮೇಲೆ ಒಂದು ಪದ ಮಾತ್ರ ಅವ್ವ ತಪ್ಪಿಸಲ್ಲ. ನಾನು ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ. ಮೊದಲೆಲ್ಲ ಒಂದೇ ಉಸಿರಿಗೆ ಮುಗಿಯುತ್ತಿದ್ದ ಸಾಲು ಈಗ ಎರಡು ಕಡೆ ನಿಲ್ಲುತ್ತದೆ. ನಿಂತ ಕಡೆ ನಾನು ಒಳಗಿನಿಂದಲೇ ಎತ್ತಿಕೊಳ್ಳುತ್ತೇನೆ, ಕೈ ತುಂಬ ಹಿಟ್ಟು. ಒಮ್ಮೊಮ್ಮೆ ಹಂಚಿನ ಮೇಲಿನ ರೊಟ್ಟಿ ತಿರುವುವುದರಲ್ಲಿ ತಡ ಆಗುತ್ತದೆ. ಅವ್ವ ಮುಂದೆ ಹೋಗಲ್ಲ. ಕಾಯುತ್ತಾಳೆ.

ಮೊನ್ನೆ ಸಂಜೆ ಪದ ಮುಗಿದಮೇಲೆ ಅವ್ವನ ಪಕ್ಕ ಕೂತು ಆ ಮುದ್ರಣ ಹಚ್ಚಿದೆ. ಈ ಸಲ ಇಯರ್‌ಫೋನ್ ಇಲ್ಲದೆ. ಯಾರು ಏನು ಅಂತ ಹೇಳಲಿಲ್ಲ. ಅವ್ವ ಶಾಸ್ತ್ರೀಯ ಸಂಗೀತ ಕೇಳಿದವಳಲ್ಲ, ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಹೋಗಲಿಲ್ಲ. ಕಣ್ಣು ಮುಚ್ಚಿ, ಬೆರಳಿನಿಂದ ಫರಸಿ ತಟ್ಟುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಕೇಳಿದಳು: "ಹಿಂದ ಹಿಡಿಲತ್ತಾಳಲ್ಲ, ಅಕಿ ಯಾರು?"

"ಮಗಳು ಅವ್ವಾ. ಒಬ್ಬಾಕಿನೇ ಮಗಳು."

"ಹೂಂ. ಗೊತ್ತಾತು."

"ಹ್ಯಾಂಗ?"

"ಉಸಿರು ಮುಗಿಯೂದ್ರೊಳಗ ಬರ್ತಾಳ ನೋಡು. ಮುಗಿದಮ್ಯಾಲ ಅಲ್ಲ."

ಆಮೇಲೆ ನಾನು ಹೇಳಿದೆ. ಮಗಳು ಕ್ಯಾನ್ಸರ್ ಆಗಿ 2004ರಲ್ಲಿ ಮೊದಲು ಹೋದರು ಅಂತ. ತೊಂಬತ್ತು ದಾಟಿದ ತಾಯಿ ಇನ್ನೂ ಇದ್ದರು ಅಂತ. ಅವರಿಗೂ ಅದೇ ರೋಗ ಬಂದಿತ್ತು, ಅವರು ಗೆದ್ದು ಎದ್ದಿದ್ದರು ಅಂತ. 2006ರ ಮಾರ್ಚಿನಲ್ಲಿ, 93ನೇ ವಯಸ್ಸಿಗೆ, ಹಾಡಲು ತೊಡಗಿ 75 ವರ್ಷ ಆಯಿತು ಅಂತ ಇಟ್ಟ ಕಛೇರಿಯಲ್ಲಿ ಅವರು ಕೊನೆಯ ಸಲ ಹಾಡಿದರು ಅಂತ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಕಣ್ಣು ದಾನ ಮಾಡಿದರು ಅಂತ.

ಅವ್ವ ಕಣ್ಣಿನ ಮಾತಿಗೆ ಏನೂ ಅನ್ನಲಿಲ್ಲ, ಪ್ರಶಸ್ತಿ ಬಗ್ಗೆ ಕೇಳಲೂ ಇಲ್ಲ. "ಮಗಳು ಇಲ್ದನೇ ಹಾಡಿದಳಾ ಅಕಿ, ಕಡಿಗಿ?" ಅಂತ ಒಂದೇ ಕೇಳಿದಳು. ಹೂಂ ಅಂದೆ. ಅವ್ವನ ಬೆರಳು ಫರಸಿಯ ಮೇಲೆ ನಿಂತಿತ್ತು. ಹೊರಗೆ ಓಣಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ಮೊಬೈಲ್ ತಾನೇ ನಿಂತು ಪರದೆ ಕಪ್ಪಾಯಿತು. ನಾನು ಏಳಲು ಹೋದೆ, ಅಂಗೈ ನನ್ನ ಮೊಣಕಾಲಿನ ಮೇಲೆ ಇಟ್ಟು ಅವ್ವ ಕೂಡಿಸಿದಳು.

"ಇನ್ನೊಮ್ಮಿ ಹಚ್ಚು. ಮಗಳು ಬರೂ ಕಡಿಂದ."